ಅಮೃತಮತಿಯ ಅಪ್ರಿಯತೆ: ಅದ್ಭುತ ಪ್ರಣಯಕಥೆಯಲ್ಲಿ ಒಂದು ಪಾತ್ರದ ಚರಿತ್ರೆ

ಕಥೆಯ ನಾಯಕನೂ ನಾಯಿಕೆಯೂ ಓದುವವರ ಪ್ರೀತಿಗೆ ಪಾತ್ರರಾಗಿರಬೇಕೆಂಬುದು ಬಹುಕಾಲದಿಂದ ನಡೆದುಬಂದಿರುವ ನಿರೀಕ್ಷೆ. ಈಚಿನ ದಿನಗಳಲ್ಲಿ ಇಂಗ್ಲಿಷಿನಲ್ಲಿ ಹೇರಳವಾಗಿ ಬರುತ್ತಿರುವ ಒಂದು ಬಗೆಯ ಕಾದಂಬರಿಗಳನ್ನು ಕುರಿತು ಈ ನಿರೀಕ್ಷೆಯ ಮಾತು ಮತ್ತೆ ಕೇಳಿಬರುತ್ತಿದೆ. ಅವುಗಳಲ್ಲಿ ಕಥೆ ನಡೆಯುವುದು ನಗರದಲ್ಲಿ, ವಸ್ತು ಪ್ರಣಯ, ಆದರೆ ಆ ನಗರದ ಬೀದಿಗಳಲ್ಲಿ ಮನುಷ್ಯರೊಡನೆ ರಕ್ತಪಿಶಾಚಿಗಳೂ ಮಾಟಗಾತಿಯರೂ ರೂಪ ಬದಲಿಸುವ ಮೃಗಗಳೂ ಸಂಚರಿಸುತ್ತವೆ. ಇಂಥ ಕಾದಂಬರಿಯ ನಾಯಿಕೆ ಗರ್ವಿಷ್ಠೆಯೋ ಕ್ರೂರಳೋ ವಂಚಕಿಯೋ ಆಗಿದ್ದರೆ ಓದುಗರು ಪುಸ್ತಕವನ್ನು ಕೆಳಗಿಡುತ್ತಾರೆ. ಪಿಶಾಚಿಯನ್ನು ನಂಬಲು ಅವರಿಗೆ ಕಷ್ಟವಿಲ್ಲ. ಇಷ್ಟವಾಗದ ಹೆಣ್ಣನ್ನು ಸಹಿಸುವುದು ಮಾತ್ರ ಕಷ್ಟ.

ಈ ಪ್ರಶ್ನೆ ಹೊಸದೇನೂ ಅಲ್ಲ. ನಗರ, ಅದ್ಭುತ, ಪ್ರಣಯ ಈ ಮೂರೂ ಕೂಡಿದ ಕಥೆಗಳು ನಮ್ಮ ದೇಶದಲ್ಲಿ ಸಾವಿರ ವರ್ಷಕ್ಕೂ ಮೇಲ್ಪಟ್ಟ ಕಾಲದಿಂದ ಇವೆ. ಅವುಗಳಲ್ಲಿ ಒಂದು ಕಥೆಯ ರಾಣಿಯಂತೂ ತಲೆಮಾರು ತಲೆಮಾರಿನ ಓದುಗರ ತಿರಸ್ಕಾರಕ್ಕೆ ಗುರಿಯಾಗಿಯೂ ಕಾವ್ಯದ ಮಧ್ಯಸ್ಥಾನದಿಂದ ಕದಲಿಲ್ಲ. ಅವಳು ಯಶೋಧರನ ಮಡದಿ ಅಮೃತಮತಿ. ಅವಳ ಅಪ್ರಿಯತೆ ಹೇಗೆ ಹುಟ್ಟಿತು, ಕವಿಗಳ ಕೈಯಲ್ಲಿ ಹೇಗೆ ಬೆಳೆಯಿತು, ಕನ್ನಡದ ಜನ್ನನು ಅದನ್ನು ಏನು ಮಾಡಿದನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೧

ನಾಗಪುರದ ಬಜಾಜ್ ನಗರದಲ್ಲಿ ಕುಳಿತು ಜನ್ನನ ಕಾವ್ಯವನ್ನು ವಿಚಾರಿಸುವುದು ದೂರದ ಮಾತೆಂದು ಕೆಲವರಿಗೆ ತೋರಬಹುದು. ಈ ಬಡಾವಣೆಯ ನೆರೆಯಲ್ಲಿಯೇ ೧೯೬೦ರಲ್ಲಿ ಸ್ಥಾಪಿತವಾದ ತಾಂತ್ರಿಕ ವಿದ್ಯಾಲಯವು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವುದರಿಂದ, ಇಲ್ಲಿಗೂ ಕನ್ನಡಕ್ಕೂ ಇರುವ ಸಂಬಂಧವು ಈಚಿನದೆಂದು ಭಾವಿಸುವುದು ಸಹಜ. ವಾಸ್ತವವಾಗಿ ಅದು ಬಹಳ ಹಳೆಯದು. ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ತಾಮ್ರಪಟವು ರಾಷ್ಟ್ರಕೂಟ ಮೂರನೆಯ ಕೃಷ್ಣನದು; ಅದರ ಕಾಲ ಶಕ ೮೬೨, ಎಂದರೆ ಕ್ರಿ. ಶ. ೯೪೦. ಆ ಶಾಸನದಲ್ಲಿ ದಾನವಾಗಿ ಕೊಟ್ಟ ಗ್ರಾಮವು ನಾಗಪುರ-ನಂದಿವರ್ಧನ ವಿಷಯಕ್ಕೆ ಸೇರಿದ್ದು. ನಂದಿವರ್ಧನವೆಂದರೆ ರಾಮಟೇಕದ ಬಳಿಯ ಇಂದಿನ ನಗರಧನ. ಹೀಗೆ ನಾಗಪುರದ ಹೆಸರು ನಮಗೆ ಮೊದಲು ಕಾಣಿಸುವುದೇ ಮಾನ್ಯಖೇಟದ ಅರಸನ ಶಾಸನದಲ್ಲಿ. ಇದೇ ಕೃಷ್ಣನನ್ನು ಹೊಗಳುವ ಕನ್ನಡ ಪ್ರಶಸ್ತಿಯೊಂದು ಇನ್ನೂ ಉತ್ತರದಲ್ಲಿ, ಮೈಹರ ಸೀಮೆಯ ಜೂರಾದಲ್ಲಿ ದೊರೆತಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ.

ಈ ಮಾತನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವಿದೆ. ನಾಗಪುರ-ನಂದಿವರ್ಧನವನ್ನು ಆಳುತ್ತಿದ್ದ ಆ ಕೃಷ್ಣನ ಸಾಮ್ರಾಜ್ಯದಲ್ಲಿಯೇ, ದೇವಳಿಯ ಶಾಸನ ಹೊರಟ ಮೂವತ್ತು ನಲವತ್ತು ವರ್ಷಗಳ ಒಳಗೆ, ಅಮೃತಮತಿಯ ಕಥೆ ಎರಡು ಭಾಷೆಗಳಲ್ಲಿ ಎರಡು ದೊಡ್ಡ ಕೃತಿಗಳಾಗಿ ರೂಪುಗೊಂಡಿತು. ಮೊದಲನೆಯದು ಸೋಮದೇವಸೂರಿಯ ಸಂಸ್ಕೃತ ಯಶಸ್ತಿಲಕ ಚಂಪು. ಅದು ಮುಗಿದದ್ದು ಶಕ ೮೮೧, ಕ್ರಿ. ಶ. ೯೫೯ರಲ್ಲಿ. ಸೋಮದೇವನಿಗೆ ಆಶ್ರಯವಿತ್ತ ಚಾಲುಕ್ಯ ಸಾಮಂತನು ಪಂಪನ ಆಶ್ರಯದಾತನಾದ ಅರಿಕೇಸರಿಯ ಮಗ. ಎರಡನೆಯದು ಪುಷ್ಪದಂತನ ಅಪಭ್ರಂಶ ಕಾವ್ಯವಾದ ಜಸಹರಚರಿಉ. ಪುಷ್ಪದಂತನು ಕೃಷ್ಣನ ಮಂತ್ರಿಯಾದ ಭರತನ ಮನೆಯಲ್ಲಿದ್ದು ೯೬೫ರಲ್ಲಿ ಮಹಾಪುರಾಣವನ್ನು ಮುಗಿಸಿ, ಆಮೇಲೆ ಭರತನ ಮಗನಾದ ನನ್ನನ ಆಶ್ರಯದಲ್ಲಿ ಈ ಕಾವ್ಯವನ್ನು ಬರೆದನು. ೯೭೨ರಲ್ಲಿ ಪರಮಾರ ಸೀಯಕನ ಸೈನ್ಯ ಮಾನ್ಯಖೇಟವನ್ನು ಸುಲಿದಾಗ ಆ ಹಾಳುಬಿದ್ದ ನಗರವನ್ನು ಅವನು ಕಣ್ಣಾರೆ ಕಂಡನು.

ಕಥೆ ಇವರಿಬ್ಬರ ಸೃಷ್ಟಿಯೂ ಅಲ್ಲ. ಎಂಟನೆಯ ಶತಮಾನದ ಹರಿಭದ್ರಸೂರಿಯ ಪ್ರಾಕೃತ ಸಮರಾಇಚ್ಚಕಹೆಯ ನಾಲ್ಕನೆಯ ಭವದಲ್ಲಿ ಈ ಕಥೆ ಬರುತ್ತದೆ. ಅಲ್ಲಿ ರಾಣಿಯ ಹೆಸರು ನಯನಾವಲಿ. ಶಕ ೭೦೦ರ, ಎಂದರೆ ಕ್ರಿ. ಶ. ೭೭೯ರ ಕುವಲಯಮಾಲೆಯಲ್ಲಿ ಪ್ರಭಂಜನನೆಂಬ ಕವಿಯ ಯಶೋಧರಚರಿತೆಯ ಉಲ್ಲೇಖವಿದೆ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದ ವಾದಿರಾಜನು ಇದನ್ನು ಸಂಸ್ಕೃತದಲ್ಲಿ ನಾಲ್ಕು ಸರ್ಗಗಳಿಗೆ ಅಡಕಗೊಳಿಸಿದನು. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಕವಿಚಕ್ರವರ್ತಿ ಜನ್ನನು ಬಹುಮಟ್ಟಿಗೆ ವಾದಿರಾಜನ ಜಾಡಿನಲ್ಲಿಯೇ ನಡೆದು, ೧೨೦೯ರಲ್ಲಿ ನಾಲ್ಕು ಅವತಾರಗಳ ಯಶೋಧರ ಚರಿತೆಯನ್ನು ಹೆಚ್ಚಾಗಿ ಕಂದಪದ್ಯಗಳಲ್ಲಿ ಬರೆದು ಮುಗಿಸಿದನು. ಅಂದಮೇಲೆ ಜನ್ನನ ಕೈಗೆ ಬರುವ ವೇಳೆಗೆ ಅಮೃತಮತಿಗೆ ನಾಲ್ಕು ನೂರು ವರ್ಷಗಳ ದುಷ್ಕೀರ್ತಿ ಅಂಟಿಕೊಂಡಿತ್ತು.

೨

ಕಥೆಯ ಸಾರವನ್ನು ವಾಚಕರಿಗೆ ನೆನಪುಮಾಡಿಕೊಡುವುದು ಅವಶ್ಯ. ರಾಜಪುರವೆಂಬ ನಗರದಲ್ಲಿ ಮಾರಿದತ್ತನೆಂಬ ಅರಸು ಚಂಡಮಾರಿಯೆಂಬ ದೇವತೆಗೆ ಬಲಿ ಕೊಡಲು ಸಿದ್ಧನಾಗಿದ್ದಾನೆ. ಬಲಿಗೆಂದು ತಳಾರನು ಹಿಡಿತಂದ ಇಬ್ಬರು ಎಳೆಯರು, ಅಭಯರುಚಿ ಮತ್ತು ಅಭಯಮತಿ, ಕೊಂಚವೂ ಹೆದರದೆ ನಿಂತಿರುವುದನ್ನು ಕಂಡು ಅರಸನು ಅವರ ವೃತ್ತಾಂತವನ್ನು ಕೇಳುತ್ತಾನೆ. ಆಗ ಅಭಯರುಚಿ ತನ್ನ ಹಿಂದಿನ ಜನ್ಮಗಳ ಕಥೆಯನ್ನು ಹೇಳುತ್ತಾನೆ.

ಉಜ್ಜಯಿನಿಯ ಯಶೋಧರನಿಗೆ ಅಮೃತಮತಿ ಪ್ರಾಣಪ್ರಿಯೆ. ಒಂದು ರಾತ್ರಿ ಅರಮನೆಯ ಆನೆಸಾಲೆಯಿಂದ ಹಾಡೊಂದು ತೇಲಿಬರುತ್ತದೆ. ರಾಣಿ ಆ ಹಾಡಿಗೆ ಮನಸೋಲುತ್ತಾಳೆ. ಹಾಡಿದವನಾರೆಂದು ನೋಡಿಬರಲು ದೂತಿಯನ್ನು ಕಳುಹಿಸುತ್ತಾಳೆ. ಅವನು ಅಷ್ಟಾವಂಕನೆಂಬ ಮಾವಟಿಗ. ಮೈಯೆಲ್ಲ ಸೊಟ್ಟ, ನೋಡಲು ಹೇಸಿಗೆ. ದೂತಿ ಕಂಡದ್ದನ್ನು ಕಂಡಂತೆ ಬಂದು ಹೇಳಿದರೂ ರಾಣಿಯ ಮನಸ್ಸು ತಿರುಗುವುದಿಲ್ಲ. ಒಲಿದಮೇಲೆ ರೂಪದ ಮಾತೇಕೆ ಎಂದು ಅವಳು ವಾದಿಸುತ್ತಾಳೆ. ಬರಬರುತ್ತ ಅರಸನಿಗೆ ಸಂಶಯ ಹುಟ್ಟುತ್ತದೆ. ಒಂದು ರಾತ್ರಿ ಅವಳ ಹಿಂದೆಯೇ ಹೋಗಿ, ತಡಮಾಡಿದಳೆಂದು ಮಾವಟಿಗನು ಅವಳನ್ನು ಹೊಡೆಯುವುದನ್ನೂ ಅವಳು ಅವನನ್ನು ಬೇಡಿಕೊಳ್ಳುವುದನ್ನೂ ಕಾಣುತ್ತಾನೆ. ಕತ್ತಿಯನ್ನೆತ್ತಿ ಮತ್ತೆ ಕೈ ತಡೆಯುತ್ತಾನೆ. ಮರುದಿನ ಸರಸವಾಡುತ್ತ ನೆಯ್ದಿಲ ಹೂವಿನಿಂದ ಅವಳನ್ನು ಹೊಡೆದರೆ ಅವಳು ಮೂರ್ಛೆಹೋದವಳಂತೆ ಬೀಳುತ್ತಾಳೆ.

ತಾಯಿ ಚಂದ್ರಮತಿಗೆ ನಿಜವನ್ನು ಹೇಳಲಾರದೆ ಯಶೋಧರನು ಕೆಟ್ಟ ಕನಸು ಕಂಡೆನೆನ್ನುತ್ತಾನೆ. ಕನಸಿನ ಶಾಂತಿಗೆ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಕೊಲ್ಲಲಾರೆನೆನ್ನುವ ಮಗನಿಗೂ ಬಿಡಲೊಲ್ಲದ ತಾಯಿಗೂ ನಡುವೆ ಒಪ್ಪಂದವಾಗಿ ಹಿಟ್ಟಿನ ಕೋಳಿಯೊಂದು ಬಲಿಯಾಗುತ್ತದೆ. ಕತ್ತಿ ಬಿದ್ದಾಗ ಅದು ಕೂಗುತ್ತದೆ. ಸಂಕಲ್ಪದಿಂದಲೇ ಹಿಂಸೆಯ ಪಾಪ ತಗಲಿತು. ರಾಜ್ಯವನ್ನು ಮಗನಿಗೆ ಒಪ್ಪಿಸಿ ತಪಸ್ಸಿಗೆ ಹೊರಟ ಅರಸನಿಗೂ ಅವನ ತಾಯಿಗೂ ಅಮೃತಮತಿ ಊಟದಲ್ಲಿ ವಿಷವಿಕ್ಕಿ ಕೊಲ್ಲುತ್ತಾಳೆ. ಸತ್ತವರಿಬ್ಬರೂ ನವಿಲು ನಾಯಿಗಳಾಗಿ, ಮತ್ತೆ ಬೇರೆ ಬೇರೆ ಪ್ರಾಣಿಗಳಾಗಿ ಹುಟ್ಟಿ ಸತ್ತು, ಕೊನೆಗೆ ಯಶೋಧರನ ಮಗನಾದ ಯಶೋಮತಿಯ ಅವಳಿಮಕ್ಕಳಾಗಿ ಜನಿಸುತ್ತಾರೆ. ಅವರೇ ಈ ಅಭಯರುಚಿ, ಅಭಯಮತಿ. ಅಮೃತಮತಿ ಕುಷ್ಠದಿಂದ ನರಳಿ ಸತ್ತು ನರಕಕ್ಕಿಳಿಯುತ್ತಾಳೆ. ಕಥೆಯನ್ನು ಕೇಳಿ ಮಾರಿದತ್ತನು ಹಿಂಸೆಯನ್ನು ಬಿಡುತ್ತಾನೆ.

ಅರಮನೆ, ಆನೆಸಾಲೆ, ತಳಾರ, ನಗರದೇವತೆಯ ಜಾತ್ರೆ ಇವೆಲ್ಲ ನಗರಜೀವನಕ್ಕೆ ಸೇರಿದವು. ಕೂಗುವ ಹಿಟ್ಟಿನ ಕೋಳಿ, ಪಶುಪಕ್ಷಿಗಳಾಗಿ ತಿರುಗಿಬರುವ ತಾಯಿಮಕ್ಕಳು ಅದ್ಭುತಕ್ಕೆ ಸೇರಿದವು. ನಡುವೆ ನಿಂತಿರುವುದು ಒಂದು ಪ್ರಣಯ. ಆದರೆ ಆ ಪ್ರಣಯವು ಓದುವವರಿಗೆ ಪ್ರಿಯವಾಗುವಂಥದಲ್ಲ.

೩

ಪ್ರಾಚೀನ ಕಥೆಗಳಲ್ಲಿ ಅದ್ಭುತವು ಕೇವಲ ಬೆರಗಿಗಾಗಿ ಬರುವುದಿಲ್ಲ; ಅದು ಅನೇಕವೇಳೆ ಪಾತ್ರಗಳ ತಪ್ಪನ್ನು ಹೊರುವ ಕೂಲಿಯ ಕೆಲಸವನ್ನೂ ಮಾಡುತ್ತದೆ. ಇದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು.

ಮೊದಲನೆಯದು ವಿದರ್ಭದ್ದೇ ಆದ ನಳನ ಕಥೆ. ದಮಯಂತಿಯ ತವರು ಕುಂಡಿನಪುರ. ವರ್ಧಾ ನದಿಯ ದಡದ ಕೌಂಡಿಣ್ಯಪುರವೇ ಅದೆಂದು ಇಲ್ಲಿನ ಜನರ ನಂಬಿಕೆ. ಕನ್ನಡದಲ್ಲಿ ಚೌಂಡರಸನ ನಳಚಂಪುವೂ ಕನಕದಾಸರ ನಳಚರಿತ್ರೆಯೂ ಈ ಕಥೆಯನ್ನು ಹೇಳುತ್ತವೆ. ನಳನು ಜೂಜಿನಲ್ಲಿ ರಾಜ್ಯವನ್ನು ಕಳೆದನು. ನಂಬಿ ಬಂದ ಹೆಂಡತಿಯ ಸೀರೆಯನ್ನು ಅರ್ಧ ಹರಿದುಕೊಂಡು, ನಿದ್ದೆಯಲ್ಲಿದ್ದ ಅವಳನ್ನು ಕಾಡಿನಲ್ಲಿ ಬಿಟ್ಟು ಹೋದನು. ಇಷ್ಟನ್ನೇ ಹೇಳಿದ್ದರೆ ಅವನಷ್ಟು ಅಪ್ರಿಯನಾದ ನಾಯಕನು ಮತ್ತೊಬ್ಬನಿರುತ್ತಿರಲಿಲ್ಲ. ಆದರೆ ಕಲಿಪುರುಷನು ಅವನೊಳಗೆ ಹೊಕ್ಕಿದ್ದನೆಂದು ಕಥೆ ಹೇಳುತ್ತದೆ. ಕಲಿ ಬಿಟ್ಟುಹೋದೊಡನೆ ತಪ್ಪೂ ಬಿಟ್ಟುಹೋಗುತ್ತದೆ. ನಳನು ಪುಣ್ಯಶ್ಲೋಕನಾಗಿಯೇ ಉಳಿಯುತ್ತಾನೆ.

ಎರಡನೆಯದು ಕಾದಂಬರಿ. ಬಾಣನ ಈ ಗದ್ಯಕಥೆಯನ್ನು ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮನು ಕನ್ನಡಿಸಿದನು. ಮಹಾಶ್ವೇತೆಯು ತಪಸ್ವಿನಿಯಾಗಿರುವಾಗ ವೈಶಂಪಾಯನನು ಬಂದು ಅವಳನ್ನು ಪೀಡಿಸುತ್ತಾನೆ; ಬೇಡವೆಂದರೂ ಹೋಗುವುದಿಲ್ಲ. ಆ ಘಟ್ಟದಲ್ಲಿ ಅವನು ಯಾರಿಗೂ ಇಷ್ಟವಾಗಲಾರನು. ಅವಳ ಶಾಪದಿಂದ ಅವನು ಗಿಳಿಯಾಗುತ್ತಾನೆ. ಆಮೇಲೆ ತಿಳಿಯುತ್ತದೆ: ಅವನು ಮತ್ತಾರೂ ಅಲ್ಲ, ಅವಳು ಯಾರಿಗಾಗಿ ತಪಸ್ಸು ಮಾಡುತ್ತಿದ್ದಳೋ ಆ ಪುಂಡರೀಕನೇ. ಜನ್ಮಾಂತರದ ಒಂದು ಗಂಟು ಬಿಚ್ಚಿದೊಡನೆ ಪೀಡಕನು ಪ್ರಿಯನಾಗಿಬಿಡುತ್ತಾನೆ.

ಈಗ ಅಮೃತಮತಿಯತ್ತ ತಿರುಗಿ ನೋಡಿದರೆ ಭೇದ ಸ್ಪಷ್ಟವಾಗುತ್ತದೆ. ಅವಳೊಳಗೆ ಯಾವ ಕಲಿಯೂ ಹೊಕ್ಕಿಲ್ಲ. ಅವಳಿಗೆ ಯಾವ ಋಷಿಯ ಶಾಪವೂ ಇಲ್ಲ. ಅಷ್ಟಾವಂಕನು ಶಾಪಗ್ರಸ್ತನಾದ ಗಂಧರ್ವನಲ್ಲ. ಕಥೆಯ ಕೊನೆಯಲ್ಲಿ ಅವನ ಗೂನು ಇಳಿದು ದಿವ್ಯರೂಪ ಬರುವುದಿಲ್ಲ. ಸತ್ತ ಅರಸನಿಗೂ ಅತ್ತೆಗೂ ಜನ್ಮದಮೇಲೆ ಜನ್ಮವನ್ನಿತ್ತು, ಕೊನೆಗೆ ಮನುಷ್ಯರನ್ನಾಗಿ ಮಾಡಿ ಮೇಲಕ್ಕೆತ್ತುವ ಅದ್ಭುತವು ರಾಣಿಯ ವಿಷಯದಲ್ಲಿ ಸುಮ್ಮನಿರುತ್ತದೆ. ಕಾಮದ ಮಾಯೆಗೆ ವಿಧಿಯೂ ನೆರವಾದರೆ ಮನುಷ್ಯರು ಉಳಿಯುವುದುಂಟೆ ಎಂಬರ್ಥದ ಮಾತನ್ನು ಜನ್ನನು ಆಡಿದರೂ ಅದು ಮನುಷ್ಯಸ್ಥಿತಿಯನ್ನು ಕುರಿತ ಮರುಕವೇ ಹೊರತು ಅವಳಿಗೆ ದೊರೆತ ಬಿಡುಗಡೆಯಲ್ಲ. ಅವಳು ಮಾಡಿದ್ದು ಅವಳದೇ.

ಹೀಗಿರುವುದರಿಂದಲೇ ಅವಳು ನಳನಿಗಿಂತ ಅಪ್ರಿಯಳೂ ನಳನಿಗಿಂತ ಸತ್ಯಳೂ ಆಗಿದ್ದಾಳೆ. ಜನ್ನನಿಗಿಂತ ತುಸು ಹಿಂದಿನವನಾದ ನೇಮಿಚಂದ್ರನ ಲೀಲಾವತಿ ಪ್ರಬಂಧದಲ್ಲಿ ಕಂದರ್ಪನೂ ಲೀಲಾವತಿಯೂ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು, ಹುಡುಕಿ, ಕೂಡುತ್ತಾರೆ. ಅಲ್ಲಿ ಕನಸು ಪ್ರೇಮಿಗಳ ದೂತ. ಇಲ್ಲಿ ಯಶೋಧರನ ಕನಸು ಸುಳ್ಳು. ಕಂಡದ್ದನ್ನು ಮುಚ್ಚಲು ಕಟ್ಟಿದ್ದು. ಒಂದೇ ಶೃಂಗಾರಸಾಮಗ್ರಿ ಎರಡು ಕಾವ್ಯಗಳಲ್ಲಿ ಎಷ್ಟು ಬೇರೆಯ ಕೆಲಸಕ್ಕೆ ಬಳಕೆಯಾಗಿದೆಯೆಂಬುದನ್ನು ಸಹೃದಯರು ಗಮನಿಸಬೇಕು.

೪

ಅಮೃತಮತಿಯ ಕಥೆಯನ್ನು ನಮಗೆ ಹೇಳುತ್ತಿರುವವರು ಯಾರು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಹೇಳುತ್ತಿರುವವನು ಅಭಯರುಚಿ. ಅವನು ಹಿಂದೆ ಅವಳ ಗಂಡನಾಗಿದ್ದವನು, ಅವಳ ಕೈಯ ವಿಷದಿಂದ ಸತ್ತವನು. ಈ ಜನ್ಮದ ಸಂಬಂಧದಲ್ಲಿ ಅವಳ ಮೊಮ್ಮಗ. ಪಕ್ಕದಲ್ಲಿ ನಿಂತಿರುವ ಅಭಯಮತಿ ಹಿಂದಿನ ಅತ್ತೆ. ಮೊಕದ್ದಮೆಯ ಮಾತಿನಲ್ಲಿ ಹೇಳುವುದಾದರೆ, ಫಿರ್ಯಾದಿಯೂ ಸಾಕ್ಷಿಯೂ ಒಬ್ಬನೇ. ಅವಳ ಪಕ್ಷದ ಸಾಕ್ಷಿ ಸಭೆಯಲ್ಲಿ ಒಬ್ಬರೂ ಇಲ್ಲ.

ಆದರೂ ಒಂದು ಸಂಗತಿ ಉಳಿಯುತ್ತದೆ. ರಾಣಿಗೂ ದೂತಿಗೂ ನಡೆದ ಸಂಭಾಷಣೆಯನ್ನು ಯಶೋಧರನು ಕೇಳಿರಲಾರನು. ಆಗ ಅವನಿಗೆ ಸಂಶಯವೇ ಇರಲಿಲ್ಲ. ಪೂರ್ವಜನ್ಮಸ್ಮರಣೆಯಿಂದ ನೆನಪಿಗೆ ಬರಬಹುದಾದದ್ದು ತಾನು ಕಂಡದ್ದು, ಕೇಳಿದ್ದು. ಕಾಣದ್ದು ಕೇಳದ್ದು ನೆನಪಿಗೆ ಬರುವುದು ಹೇಗೆ? ಹಾಗಾದರೆ ಆ ಸಂಭಾಷಣೆ ಎಲ್ಲಿಂದ ಬಂತು? ಕವಿಯಿಂದ ಬಂತೆನ್ನದೆ ವಿಧಿಯಿಲ್ಲ. ಇಡೀ ಕಾವ್ಯದಲ್ಲಿ ಅಮೃತಮತಿ ತನ್ನ ಮನಸ್ಸನ್ನು ತಾನೇ ಬಿಚ್ಚಿ ಮಾತಾಡುವ ಮುಖ್ಯವಾದ ಎಡೆ ಅದು; ಅಲ್ಲಿ ಫಿರ್ಯಾದಿಯ ಕಥೆಯನ್ನು ಒಂದು ಗಳಿಗೆ ಪಕ್ಕಕ್ಕೆ ಸರಿಸಿ ಕವಿ ಅವಳಿಗೆ ಬಾಯಿ ಕೊಟ್ಟಿದ್ದಾನೆ. ಇದು ಪಕ್ಷಪಾತವಲ್ಲ, ನ್ಯಾಯ. ಅಪರಾಧಿಯ ಮಾತನ್ನೂ ಕೇಳಿಯೇ ತೀರ್ಪು ಹೇಳಬೇಕೆಂಬ ನ್ಯಾಯ.

ನಮ್ಮ ಆಲಂಕಾರಿಕರು ಇಂಥ ಪ್ರಣಯಕ್ಕೆ ರಸಾಭಾಸವೆಂದು ಹೆಸರಿಟ್ಟಿದ್ದಾರೆ. ಉತ್ತಮಕುಲದ ಹೆಣ್ಣಿಗೆ ಅಧಮನಲ್ಲಿ ಹುಟ್ಟುವ ರತಿ ಶೃಂಗಾರವಲ್ಲ, ಶೃಂಗಾರದ ಸೋಗು ಎಂಬುದು ಅವರ ಮತ. ಆ ಸೂತ್ರದಂತೆ ಬರೆದಿದ್ದರೆ ಅಷ್ಟಾವಂಕನ ಹಾಡೂ ಹಾಸ್ಯಾಸ್ಪದವಾಗಿರಬೇಕಾಗಿತ್ತು. ಹಾಗಾಗಿಲ್ಲ. ಹಾಡು ನಿಜವಾಗಿಯೂ ಇಂಪಾಗಿದೆ. ರಾಣಿ ಮೊದಲು ಒಲಿದದ್ದು ಕಲೆಗೆ, ಕಲಾವಿದನನ್ನು ಕಾಣುವುದಕ್ಕೆ ಮುಂಚೆ. ಅವಳ ಪತನದ ಮೊದಲ ಹೆಜ್ಜೆಯಲ್ಲಿ ಕೀಳಾದದ್ದೇನೂ ಇಲ್ಲವೆಂಬುದು ಗಮನಾರ್ಹ. ಎರಡನೆಯ ಹೆಜ್ಜೆಯಲ್ಲಿ ಮೋಸವಿದೆ, ಮೂರನೆಯದರಲ್ಲಿ ಕೊಲೆಯಿದೆ. ಎಲ್ಲವನ್ನೂ ಒಂದೇ ಮಸಿಯಿಂದ ಬಳಿದುಬಿಡುವುದು ಓದುವವರ ಸೋಮಾರಿತನ, ಕವಿಯದಲ್ಲ.

ಅಷ್ಟಾವಂಕನ ವಿಷಯದಲ್ಲಿ ನಾವು ಇನ್ನೂ ಎಚ್ಚರದಿಂದಿರಬೇಕಾಗಿದೆ. ಅಮೃತಮತಿಯ ಅಪ್ರಿಯತೆ ಅವಳ ಕೃತ್ಯದಿಂದ ಬಂದದ್ದು. ಅವನದು ಬಹುಮಟ್ಟಿಗೆ ಅವನ ಶರೀರದಿಂದ. ಅವನ ಅಂಗಾಂಗಗಳ ವರ್ಣನೆಯಲ್ಲಿ ಬೀಭತ್ಸವನ್ನು ಹುಟ್ಟಿಸುವುದೇ ಕವಿಗಳ ಉದ್ದೇಶ. ಅವನ ಕುಲದ ಕೀಳೂ ಮೈಯ ಸೊಟ್ಟವೂ ಒಂದಕ್ಕೊಂದು ಪುರಾವೆಯೆಂಬಂತೆ ನಡೆಯುತ್ತವೆ. ಸಂಪ್ರದಾಯಕ್ಕೆ ಅದು ಸಹಜವಾಗಿ ಕಂಡಿದ್ದರೂ ನಾವು ಅದನ್ನು ಹಾಗೆಯೇ ನುಂಗಬೇಕಾಗಿಲ್ಲ. ಅಂಗವಿಕಲತೆ ದೋಷವಲ್ಲ, ಆನೆ ನೋಡುವ ವೃತ್ತಿ ಪಾಪವಲ್ಲ. ಅವನಲ್ಲಿ ನಿಜವಾಗಿ ಖಂಡಿಸಬೇಕಾದದ್ದು ಒಂದೇ: ತನ್ನನ್ನು ನಂಬಿ ಬಂದ ಹೆಂಗಸನ್ನು ಅವನು ಹೊಡೆದದ್ದು. ಸೋಜಿಗವೆಂದರೆ ಓದುವವರು ಅವನ ಗೂನನ್ನು ನೆನಪಿಡುತ್ತಾರೆ. ಹೊಡೆತವನ್ನು ರಾಣಿಯ ನೀಚತನಕ್ಕೆ ನಿದರ್ಶನವಾಗಿ ಮಾತ್ರ ಓದುತ್ತಾರೆ.

೫

ಯಶೋಧರನಾದರೂ ಪೂರ್ತಿಯಾಗಿ ಪ್ರಿಯನೆ? ಜೈನಕವಿಗಳು ಅವನನ್ನು ಹಾಗೆ ಚಿತ್ರಿಸಿಲ್ಲವೆಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಕತ್ತಿಯನ್ನೆತ್ತಿ ಇಳಿಸಿದ ಸಂಯಮ ಅವನದು. ಆದರೆ ತಾಯಿಗೆ ಸುಳ್ಳು ಹೇಳಿದವನೂ ಅವನೇ. ಆ ಸುಳ್ಳಿನಿಂದ ಶಾಂತಿಯ ಮಾತು ಬಂತು, ಶಾಂತಿಯಿಂದ ಬಲಿ ಬಂತು, ಬಲಿಯಿಂದ ಜನ್ಮಪರಂಪರೆ ಬಂತು. ಎಲ್ಲಕ್ಕೂ ಮಿಗಿಲಾಗಿ, ಹೆಂಡತಿಯೆದುರು ಅವನು ಬಾಯಿ ತೆರೆಯಲಿಲ್ಲ; ಹೂವಿನಿಂದ ಹೊಡೆದು ಚುಚ್ಚಿದನಷ್ಟೆ. ತಾಯಿ ಚಂದ್ರಮತಿಯದು ಪ್ರೀತಿಯೇ. ಆದರೆ ಆ ಪ್ರೀತಿ ಮತ್ತೊಂದು ಜೀವದ ರಕ್ತವನ್ನು ಕೇಳುವಂಥದು. ಕಾವ್ಯದ ನಾಲ್ವರು ಮುಖ್ಯರಲ್ಲಿ ಹಿಂಸೆಯಿಂದ ಹೊರಗುಳಿದವರು ಒಬ್ಬರೂ ಇಲ್ಲ: ಒಬ್ಬಳದು ವಿಷ, ಒಬ್ಬನದು ಹೊಡೆತ, ಒಬ್ಬಳದು ಹಟ, ಒಬ್ಬನದು ಸಂಕಲ್ಪ. ಕಥೆಯ ಧರ್ಮ ನಿಂತಿರುವುದೇ ಈ ಸಮಾನತೆಯ ಮೇಲೆ. ಹಿಟ್ಟಿನ ಕೋಳಿಯನ್ನು ಕೊಂದವನಿಗೆ ಇಷ್ಟು ಶಿಕ್ಷೆಯಾದರೆ ಜೀವವನ್ನು ಕೊಂದವಳಿಗೆಷ್ಟು ಎಂದು ಕೇಳಿಸುವುದು ಅದರ ಒಂದು ಕೆಲಸ. ಆದರೆ ಅವಳನ್ನು ದ್ವೇಷಿಸುವವರ ಮನಸ್ಸಿನ ಹಿಟ್ಟಿನ ಕೋಳಿಗಳೆಷ್ಟು ಎಂದು ಕೇಳಿಸುವುದು ಅದಕ್ಕಿಂತ ದೊಡ್ಡ ಕೆಲಸ.

ಜನ್ನನಿಗೆ ಈ ವಸ್ತು ಒಂದು ಸಲಕ್ಕೆ ಮುಗಿಯಲಿಲ್ಲ. ೧೨೩೦ರ ಅನಂತನಾಥ ಪುರಾಣದಲ್ಲಿ ಅವನು ಚಂಡಶಾಸನನ ಕಥೆಯನ್ನು ಹೇಳಿದನು. ಗೆಳೆಯನಾದ ವಸುಷೇಣನ ಮನೆಗೆ ಅತಿಥಿಯಾಗಿ ಬಂದು ಅವನ ಮಡದಿ ಸುನಂದೆಯನ್ನು ಕದ್ದೊಯ್ದ ಚಂಡಶಾಸನನು, ಅವಳ ಮನಸ್ಸನ್ನು ಗೆಲ್ಲಲಾರದೆ ಗಂಡನ ಮಾಯಾಶಿರಸ್ಸನ್ನು ತೋರಿಸುತ್ತಾನೆ. ಅದನ್ನು ಕಂಡೊಡನೆ ಅವಳ ಪ್ರಾಣ ಹೋಗುತ್ತದೆ. ಆಗ ಅವಳ ದೇಹದೊಡನೆ ಅವನೂ ಚಿತೆಯೇರುತ್ತಾನೆ. ಇಲ್ಲಿಯೂ ಅದ್ಭುತವು ಪ್ರೇಮಿಗೆ ನೆರವಾಗುವುದಿಲ್ಲ. ಮಾಯೆಯ ತಲೆ ನಿಜವಾದ ಸಾವನ್ನು ತರುತ್ತದೆ. ಓದುವವನು ಚಂಡಶಾಸನನನ್ನು ಕ್ಷಮಿಸುವುದಿಲ್ಲ. ಆದರೂ ಚಿತೆಯ ಬೆಂಕಿಯೆದುರು ಅವನನ್ನು ಬರಿಯ ಖಳನೆಂದು ಕರೆಯಲು ನಾಲಗೆ ಏಳುವುದಿಲ್ಲ. ಅಮೃತಮತಿಯಲ್ಲಿ ಹೆಣ್ಣಿನ ಕಡೆಯಿಂದ ನೋಡಿದ್ದನ್ನೇ ಕವಿ ಇಲ್ಲಿ ಗಂಡಿನ ಕಡೆಯಿಂದ ನೋಡಿದನು. ಎರಡನ್ನೂ ಒಟ್ಟಿಗೆ ಓದಿದವರು ಜನ್ನನನ್ನು ಸ್ತ್ರೀದ್ವೇಷಿಯೆಂದು ಹೇಳಲಾರರು.

೬

ಅಪ್ರಿಯ ಪಾತ್ರವನ್ನು ಓದುಗರು ತಮಗೆ ಬೇಕಾದಂತೆ ತಿದ್ದಲೆಳಸುವುದೂ ಹೊಸದಲ್ಲ. ಪುಷ್ಪದಂತನ ಕಾವ್ಯಕ್ಕೆ ಗಂಧರ್ವನೆಂಬ ಕವಿ ೧೩೦೮ರ ಸುಮಾರಿಗೆ ಕೆಲವು ಭಾಗಗಳನ್ನು ಸೇರಿಸಿದನು. ಅವುಗಳಲ್ಲಿ ಯಶೋಧರನ ಮದುವೆಯ ವರ್ಣನೆಯೂ ಒಂದು. ಮೂಲಕವಿ ಮದುವೆಯನ್ನು ವರ್ಣಿಸುವ ಅಗತ್ಯವನ್ನು ಕಂಡಿರಲಿಲ್ಲ. ಮೂರು ಶತಮಾನದ ಮೇಲಿನ ಓದುಗರಿಗೆ ಅದು ಬೇಕೆನಿಸಿತು. ಕಹಿಯಾಗಿ ಮುಗಿಯುವ ದಾಂಪತ್ಯಕ್ಕೆ ಒಂದು ಸಿಹಿಯಾದ ಆರಂಭವಾದರೂ ಇರಲಿ ಎಂಬುದು ಅವರ ಆಸೆಯಾಗಿದ್ದಿತೇನೋ.

ಆ ಕಾವ್ಯವು ನಮ್ಮ ಕಾಲಕ್ಕೆ ದೊರೆತದ್ದು ವಿದರ್ಭದ ಕಾರಂಜದ ಜೈನಭಂಡಾರಗಳ ದೆಸೆಯಿಂದ. ರಾಯಬಹಾದ್ದೂರ್ ಹೀರಾಲಾಲರು ಸಿದ್ಧಪಡಿಸಿದ ಮಧ್ಯಪ್ರಾಂತ ಮತ್ತು ವರ್ಹಾಡದ ಸಂಸ್ಕೃತ-ಪ್ರಾಕೃತ ಹಸ್ತಪ್ರತಿಗಳ ಸೂಚಿ ನಾಗಪುರದಲ್ಲಿ ೧೯೨೬ರಲ್ಲಿ ಪ್ರಕಟವಾದಾಗ ಕಾರಂಜದ ಸಂಪತ್ತು ವಿದ್ವಾಂಸರ ಕಣ್ಣಿಗೆ ಬಿತ್ತು. ೧೯೩೧ರಲ್ಲಿ ಪ. ಲ. ವೈದ್ಯರು ಸಂಪಾದಿಸಿದ ಜಸಹರಚರಿಉ ಕಾರಂಜ ಜೈನ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಹೊರಬಂತು. ಮಾನ್ಯಖೇಟದಲ್ಲಿ ಹುಟ್ಟಿ, ಆ ನಗರ ಸುಲಿಗೆಯಾದಮೇಲೆಯೂ ಉಳಿದ ಕಾವ್ಯವನ್ನು ವಿದರ್ಭದ ಒಂದು ಸಣ್ಣ ಊರು ಕಾಪಾಡಿ ಕೊಟ್ಟಿತು. ಇದೇ ಗ್ರಂಥಮಾಲೆಯಲ್ಲಿ ದುಡಿದ ಅಮರಾವತಿಯ ಪ್ರಾಧ್ಯಾಪಕ ಡಾ. ಹೀರಾಲಾಲ್ ಜೈನರು, ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದಿದ್ದ ಧವಲಾ ಟೀಕೆಯನ್ನು ೧೯೩೯ರಿಂದ ಸಂಪುಟ ಸಂಪುಟವಾಗಿ ಅಮರಾವತಿಯಿಂದ ಪ್ರಕಟಿಸತೊಡಗಿದರು. ಕರ್ನಾಟಕ ವಿದರ್ಭಗಳ ನಡುವೆ ನಡೆದ ಈ ಗ್ರಂಥವಿನಿಮಯವು ನಾಗಪುರದ ಕನ್ನಡಿಗರು ಅಭಿಮಾನಪಡಬೇಕಾದ ವಿಷಯ.

ಕನ್ನಡದಲ್ಲಿ ಅಮೃತಮತಿಯನ್ನು ಹೊಸದಾಗಿ ಎದುರಿಸಿದವರು ಗಿರೀಶ ಕಾರ್ನಾಡರು. ತಲೆಗಳು ಅದಲುಬದಲಾಗುವ ಅದ್ಭುತವನ್ನಿಟ್ಟುಕೊಂಡು ಹಯವದನವನ್ನು ೧೯೭೧ರಲ್ಲಿ ಪ್ರಕಟಿಸಿ, ಇಬ್ಬರನ್ನೂ ಬಯಸುವ ಪದ್ಮಿನಿಯನ್ನು ಮರುಳುಗೊಳಿಸುವ ಬಣ್ಣವಿಲ್ಲದೆ ಚಿತ್ರಿಸಿದ್ದ ಅವರು, ೧೯೮೦ರ ಹಿಟ್ಟಿನ ಹುಂಜದಲ್ಲಿ ಜನ್ನನ ವಸ್ತುವನ್ನು ರಾಜ, ರಾಣಿ, ತಾಯಿ, ಮಾವಟಿಗ ಈ ನಾಲ್ವರಿಗೆ ಇಳಿಸಿದರು. ಅಲ್ಲಿ ರಾಣಿಯೇ ಜೈನಧರ್ಮದವಳು. ಬಲಿಯನ್ನು ಒಲ್ಲೆನೆನ್ನುವ ದನಿ ಅವಳದು. ವಿಷವಿಕ್ಕುವುದೂ ಇಲ್ಲ, ಪಶುಜನ್ಮಗಳೂ ಇಲ್ಲ. ಶತಮಾನಗಳ ಮೇಲೆ ಅವಳ ಪಕ್ಷದ ವಾದವನ್ನು ಒಬ್ಬ ದೊಡ್ಡ ಲೇಖಕರು ಪೂರ್ತಿಯಾಗಿ ಮಂಡಿಸಿದರೆಂಬುದು ಸಂತೋಷದ ಸಂಗತಿ. ಆದರೆ ಇಲ್ಲಿ ಒಂದು ಭೇದವನ್ನು ಮರೆಯಬಾರದು. ವಿಷವನ್ನು ತೆಗೆದಮೇಲೆ ರಾಣಿಯನ್ನು ಅರ್ಥಮಾಡಿಕೊಳ್ಳುವುದು ಸುಲಭವಾಗುತ್ತದೆ. ಜನ್ನನ ಕಷ್ಟ ಅದಲ್ಲ. ಅವನು ವಿಷವನ್ನು ಅವಳ ಕೈಯಲ್ಲಿಯೇ ಇರಿಸಿ, ಆಮೇಲೆ ಅವಳ ಮಾತನ್ನು ಕೇಳಿರೆನ್ನುತ್ತಾನೆ.

೭

ಈ ಚರಿತ್ರೆಯಿಂದ ಫಲಿಸುವುದೇನು? ಅಪ್ರಿಯ ಪಾತ್ರವನ್ನು ಓದುವಾಗ ಎರಡು ಅನುಕೂಲದ ದಾರಿಗಳು ಕಾಣುತ್ತವೆ. ಒಂದು, ಅವಳನ್ನು ಶಪಿಸಿ ಪುಸ್ತಕವನ್ನು ಮುಚ್ಚುವುದು. ಹಿಂದಿನವರು ಬಹುಮಂದಿ ಈ ದಾರಿಯನ್ನು ಹಿಡಿದರು. ಹೆಂಗಸರನ್ನು ನಂಬಬಾರದೆಂಬುದಕ್ಕೆ ಅಮೃತಮತಿ ಅವರಿಗೆ ಉದಾಹರಣೆಯಾದಳು. ಮತ್ತೊಂದು, ಅವಳು ತಪ್ಪೇ ಮಾಡಲಿಲ್ಲವೆಂದು ತೋರಿಸಿ ಪ್ರಿಯಳನ್ನಾಗಿ ಮಾಡಿಕೊಳ್ಳುವುದು. ಇಂದಿನವರಲ್ಲಿ ಹಲವರಿಗೆ ಈ ದಾರಿಯಲ್ಲಿ ಮನಸ್ಸು. ಎರಡರಲ್ಲಿಯೂ ಒಂದೇ ಅಸಹನೆಯಿದೆ: ನಮಗೆ ಇಷ್ಟವಾಗದವರ ಅಂತರಂಗವನ್ನು ನೋಡುವ ಶ್ರಮ ಬೇಡವೆಂಬ ಅಸಹನೆ.

ಜನ್ನನ ದಾರಿ ಇವೆರಡಕ್ಕಿಂತ ಕಡಿದಾದದ್ದು. ಅವನು ಪಾಪವನ್ನು ಪಾಪವೆಂದೇ ಹೇಳಿದನು. ಪಾಪಿಯ ಮನಸ್ಸನ್ನೂ ಮುಚ್ಚಿಡಲಿಲ್ಲ. ಮಾರಿದತ್ತನು ಈ ಕಥೆಯಿಂದ ಬದಲಾದದ್ದು ಅಮೃತಮತಿಯನ್ನು ದ್ವೇಷಿಸಿದುದರಿಂದಲ್ಲ, ಬಲಿಗೆಂದು ಎತ್ತಿದ ತನ್ನ ಕತ್ತಿಯನ್ನು ತಾನೇ ಕಂಡದ್ದರಿಂದ. ಇತರರ ಕಥೆಯನ್ನು ಕೇಳಿ ತನ್ನ ಕೈಯನ್ನು ನೋಡಿಕೊಳ್ಳುವಂತಾದರೆ ಕಾವ್ಯದ ಪ್ರಯೋಜನ ಸಿದ್ಧಿಸಿದಂತೆಯೇ.

ನಮ್ಮ ಮಕ್ಕಳು ಇಂದು ಬೇರೆ ಭಾಷೆಗಳಲ್ಲಿ ನಗರಗಳ, ಪಿಶಾಚಿಗಳ, ಪ್ರೇಮದ ಕಥೆಗಳನ್ನು ಓದುತ್ತಿದ್ದಾರೆ. ಓದಲಿ, ಅದರಲ್ಲಿ ತಪ್ಪಿಲ್ಲ. ಆದರೆ ನಾಯಿಕೆ ಇಷ್ಟವಾಗಲಿಲ್ಲವೆಂದು ಅವರು ಪುಸ್ತಕವನ್ನು ಮುಚ್ಚಿದಾಗ, ಎಂಟು ನೂರು ವರ್ಷಗಳ ಹಿಂದೆ ಕನ್ನಡದ ಕವಿಯೊಬ್ಬನು ಆ ಇಷ್ಟವಾಗದವಳನ್ನೇ ನಡುವೆ ನಿಲ್ಲಿಸಿ, ಅವಳ ಒಂದು ಮಾತನ್ನಾದರೂ ಕೇಳಿರೆಂದಿದ್ದನು ಎಂಬುದನ್ನು ಅವರಿಗೆ ತಿಳಿಸುವ ಹೊಣೆ ನಮ್ಮದು. ಯಶೋಧರ ಚರಿತೆ ಚಿಕ್ಕ ಕಾವ್ಯ. ಸಂಘದ ಕೆಲವು ಸಂಜೆಗಳಲ್ಲಿ ಒಬ್ಬರು ಓದಿ ಇತರರು ಕೇಳಿ ಮುಗಿಸಬಹುದಾದಷ್ಟೇ ಇದೆ. ಮಾನ್ಯಖೇಟ, ಕಾರಂಜ, ನಾಗಪುರಗಳನ್ನು ಒಂದೇ ದಾರದಲ್ಲಿ ಕೋದಿರುವ ಈ ಕಥೆಯನ್ನು ಇಲ್ಲಿನ ಕನ್ನಡಿಗರು ಓದದಿದ್ದರೆ ಮತ್ತಾರು ಓದಬೇಕು?